ಮಕ್ಕಳ ಜೊತೆ ಲಾಲ್‌ಬಾಗ್

ಬೆಂಗಳೂರಿನ ಲಾಲ್‌ಬಾಗ್ ಈಗ 240 ಎಕರೆಯಷ್ಟು ಹರಡಿಕೊಂಡಿದೆ. 1760ರಲ್ಲಿ ಹೈದರ್ ಅಲಿ ಶುರು ಮಾಡಿದಾಗ ಇದು 40 ಎಕರೆಯ ತೋಟ. ಶಿರಾದಲ್ಲಿದ್ದ ಮೊಗಲ್ ಶೈಲಿಯ ತೋಟ ಕಂಡು ಅದರಂತೆ ಮಾಡಿಸಿದ ಎನ್ನುತ್ತಾರೆ. ಮಗ ಟಿಪ್ಪು ಸುಲ್ತಾನ್ ಹೊರದೇಶಗಳಿಂದ ಬೀಜ, ಸಸಿ ತರಿಸಿ ನೆಡಿಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಈಗ ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಇಷ್ಟು ದೊಡ್ಡ ತೋಟವನ್ನು ಒಂದೇ ದಿನ ಮಕ್ಕಳಿಗೆ ಪೂರ್ತಿ ತೋರಿಸಲು ಹೊರಟರೆ ಅರ್ಧ ದಾರಿಯಲ್ಲೇ ‘ಎತ್ಕೋ’ ಎಂಬ ರಾಗ ಶುರುವಾಗುತ್ತದೆ. ನಾಲ್ಕೈದು ಜಾಗ ಆರಿಸಿಕೊಂಡು ಅಲ್ಲಲ್ಲೇ ಹೊತ್ತು ಕಳೆಯುವುದು ವಾಸಿ.

ಬೆಳಿಗ್ಗೆ ಹೊರಡುವುದು ಒಳ್ಳೆಯದು. ಎಂಟರ ಹೊತ್ತಿಗೆ ವಾಕಿಂಗ್‌ನವರ ಗುಂಪು ತೆಳುವಾಗಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದರೆ ಲಾಲ್‌ಬಾಗ್ ನಿಲ್ದಾಣ ಪಶ್ಚಿಮ ದ್ವಾರದ ಹತ್ತಿರವೇ ಇದೆ. ಕಾರಿನಲ್ಲಿ ಬಂದವರು ಗೇಟಿನ ಬಳಿ ನಿಲ್ಲಿಸಿ ನಡೆಯಬೇಕು. ಹೀಗಾಗಿ ಒಳಗಿನ ರಸ್ತೆಗಳಲ್ಲಿ ಮಕ್ಕಳ ಕೈ ಬಿಡಬಹುದು. ಈ ಊರಿನಲ್ಲಿ ಅಂಥ ರಸ್ತೆಗಳು ಎಷ್ಟಿವೆ?

ಮೊದಲು ತೋಟದೊಳಗಿನ ದೊಡ್ಡ ಬಂಡೆಗೆ ಹೋಗಬೇಕು. ಹತ್ತು ಗಂಟೆ ದಾಟಿದರೆ ಅದು ಕಾಯತೊಡಗುತ್ತದೆ, ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಮಳೆ ಬಿದ್ದ ದಿನ ಜಾರುತ್ತದೆ. ಮೆಟ್ಟಿಲು, ಕಂಬಿಗಳ ಹಂಗಿಲ್ಲದೆ ಎತ್ತ ಬೇಕಾದರೂ ಓಡಿ ಹತ್ತಬಹುದಾದ ಇಳಿಜಾರು ಇದು. ಮಕ್ಕಳು ಇಳಿಯುವಾಗ ಕೂತು ಜಾರಿಯೇ ತೀರುತ್ತಾರೆ, ಹಳೆಯ ಚಡ್ಡಿ ಹಾಕಿಸಿ ಕರೆತರುವುದು ಜಾಣತನ.

ಹತ್ತುವ ಮೊದಲು ಒಮ್ಮೆ ಬಗ್ಗಿ ಬಂಡೆಯ ಮೈ ನೋಡಬೇಕು. ಬೂದು ಬಣ್ಣದ ಕಲ್ಲಿನಲ್ಲಿ ಬಿಳಿಯ ಮತ್ತು ಕಪ್ಪು ಪಟ್ಟೆಗಳು ಒಂದರ ಪಕ್ಕ ಒಂದು ಓಡುತ್ತವೆ, ಕೆಲವೆಡೆ ಅಲೆಯಂತೆ ಬಳುಕಿವೆ. ಭೂಮಿಯ ಆಳದಲ್ಲಿ ಭಾರೀ ಕಾವು, ಒತ್ತಡಕ್ಕೆ ಸಿಕ್ಕ ಕಲ್ಲು ಮೆದುವಾಗಿ, ಅದರೊಳಗಿನ ಖನಿಜಗಳು ಬೇರೆ ಬೇರೆ ಪದರಗಳಾಗಿ ಜೋಡಿಕೊಂಡಾಗ ಇಂಥ ಪಟ್ಟೆ ಮೂಡುತ್ತದೆ. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲರ್ ನೈಸ್ ಎನ್ನುತ್ತಾರೆ. ದಕ್ಷಿಣ ಭಾರತದ ಬಹುಪಾಲು ನೆಲಕ್ಕೆ ಇದೇ ಅಡಿಪಾಯ. ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

300 ಕೋಟಿ ಎಂದರೆ ಮಕ್ಕಳಿಗಿರಲಿ, ದೊಡ್ಡವರಿಗೂ ಬರೀ ಸೊನ್ನೆಗಳ ಸಾಲು. ಅದನ್ನು ಕಾಲಿನಿಂದ ಅಳೆಸಬಹುದು. ಒಂದು ಪಾದಕ್ಕೆ ಒಂದು ಕೋಟಿ ವರ್ಷ ಎಂದಿಟ್ಟುಕೊಂಡು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಮಗು ಇಂದಿನಿಂದ ಹಿಂದಕ್ಕೆ ಪಾದ ಎಣಿಸುತ್ತಾ ಹೋಗಲಿ. ಏಳನೆಯ ಪಾದ ಮುಗಿಯುವಷ್ಟರಲ್ಲಿ ಡೈನೋಸಾರ್‌ಗಳು ಅಳಿದ ಕಾಲ ಸಿಗುತ್ತದೆ. 23ರ ಸುಮಾರಿಗೆ ಅವು ಹುಟ್ಟಿದ ಕಾಲ. ಬಂಡೆಯ ಹುಟ್ಟು ಸಿಗಬೇಕಾದರೆ 300 ಪಾದ ಎಣಿಸಬೇಕು. ಆಗ ಮರವಿಲ್ಲ, ಮೀನಿಲ್ಲ, ಇದ್ದದ್ದು ಕಣ್ಣಿಗೆ ಕಾಣದ ಜೀವಿಗಳು ಮಾತ್ರ. ಮನುಷ್ಯ ಬಂದು ಮೂರು ಲಕ್ಷ ವರ್ಷವಾಗಿದೆ. ಈ ಲೆಕ್ಕದಲ್ಲಿ ಅದು ಮೊದಲ ಪಾದದಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗ. ಎಣಿಕೆ ನೂರು ದಾಟುವಾಗ ಮಗುವಿಗೆ ಬೇಜಾರು ಬರಬಹುದು. ಬಂಡೆ ಎಷ್ಟು ಹಳೆಯದೆಂದು ಆ ಬೇಜಾರೇ ತಿಳಿಸಿಕೊಡುತ್ತದೆ.

ಬಂಡೆಯ ನೆತ್ತಿಯ ಮೇಲೊಂದು ಪುಟ್ಟ ಗೋಪುರವಿದೆ. ಕೆಂಪೇಗೌಡರ ಮನೆತನದವರು ಊರಿನ ನಾಲ್ಕು ದಿಕ್ಕಿನಲ್ಲಿ ಕಟ್ಟಿಸಿದರೆಂಬ ಗಡಿ ಗೋಪುರಗಳಲ್ಲಿ ಇದೂ ಒಂದು. ಉಳಿದವು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಊರು ಇಷ್ಟರವರೆಗೆ ಬೆಳೆದೀತು ಎಂಬುದು ಅಂದಿನ ಅಂದಾಜು ಎಂದು ಹೇಳಿಕೆ. ಇಲ್ಲಿ ನಿಂತು ಸುತ್ತ ತಿರುಗಿದರೆ ಯಾವ ಕಡೆಯೂ ಕಟ್ಟಡಗಳ ಕೊನೆ ಕಾಣುವುದಿಲ್ಲ.

ಬಂಡೆ ಇಳಿದ ಮೇಲೆ ಮರಗಳು. ಸಾವಿರಕ್ಕೂ ಹೆಚ್ಚು ಬಗೆಯ ಗಿಡಮರಗಳಿರುವ ಈ ತೋಟದಲ್ಲಿ ಒಂದೊಂದರ ಫಲಕ ಓದಿ ಹೇಳುತ್ತಾ ಹೋಗುವ ಅಪ್ಪಂದಿರಿದ್ದಾರೆ. ಮೂರನೆಯ ಫಲಕಕ್ಕೆ ಮಕ್ಕಳು ಅಲ್ಲಿರುವುದಿಲ್ಲ. ಎರಡು ಮೂರು ಮರ ಸಾಕು. ಅದರಲ್ಲಿ ಬಿಳಿ ಬೂರುಗದ ಹಿರಿಯ ಮರವನ್ನು ಬಿಡಬಾರದು. ಅದರ ಬುಡದಿಂದ ಹಲಗೆಯಂತೆ ಎದ್ದು ಹರಡಿದ ಬೇರುಗಳು ಮಗುವಿನ ತಲೆಗಿಂತ ಎತ್ತರ. ಎರಡು ಬೇರುಗಳ ನಡುವಿನ ಸಂದಿ ಒಂದು ಪುಟ್ಟ ಕೋಣೆ, ಕಣ್ಣಾಮುಚ್ಚಾಲೆಗೆ ಹೇಳಿ ಮಾಡಿಸಿದ್ದು. ಎತ್ತರದ ಮರ ಗಾಳಿಗೆ ವಾಲದಂತೆ ನಾಲ್ಕೂ ಕಡೆ ಕಾಲೂರಿಕೊಂಡಿರುವ ಬಗೆ ಅದು. ತೊಗಟೆಯ ಮೇಲೆ ಹೆಸರು ಕೆತ್ತುವ ಚಟ ಮಾತ್ರ ಈ ತೋಟದ ಮರಗಳನ್ನು ಬಿಟ್ಟಿಲ್ಲ. ತೊಗಟೆಯ ಒಳಪದರದಲ್ಲೇ ಎಲೆ ತಯಾರಿಸಿದ ಆಹಾರ ಕೆಳಗಿಳಿಯುತ್ತದೆ, ಅದನ್ನು ಕೆತ್ತಿದರೆ ಮರಕ್ಕೆ ಗಾಯ ಎಂದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ನಾಗಲಿಂಗದ ಮರ ಇನ್ನೊಂದು ಬೆರಗು. ಹೂವು ರೆಂಬೆಯ ತುದಿಯಲ್ಲಲ್ಲ, ಕಾಂಡದಿಂದಲೇ ಹೊರಟ ಕಡ್ಡಿಗಳಲ್ಲಿ ಬಿಡುತ್ತದೆ. ಉದುರಿದ ಹೂವೊಂದನ್ನು ಅಂಗೈಯಲ್ಲಿಟ್ಟರೆ ನಡುವೆ ಪುಟ್ಟ ಲಿಂಗ, ಅದರ ಮೇಲೆ ಬಾಗಿದ ಹೆಡೆ ಕಾಣುತ್ತದೆ. ಆ ಹೆಡೆ ನಿಜಕ್ಕೂ ಕೇಸರಗಳ ಗುಂಪು. ಪರಿಮಳ ಗಾಢ. ಫಿರಂಗಿ ಗುಂಡಿನಂಥ ಕಾಯಿ ಮಾತ್ರ ಬಿದ್ದು ಒಡೆದರೆ ನಾರುತ್ತದೆ, ತಲೆಯ ಮೇಲೆ ಬಿದ್ದರೆ ಅಪಾಯ. ಕಾಯಿ ತುಂಬಿದ ಮರದ ಕೆಳಗೆ ಬುತ್ತಿ ಬಿಚ್ಚಬಾರದು. ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟುವುದೂ ಉಂಟು, ಕಲ್ಲೆಸೆಯುವ ಆಟ ಇಲ್ಲಿ ಬೇಡ.

ತೋಟದಲ್ಲಿ ಕಲ್ಲಾದ ಮರವೂ ಇದೆ. ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟ ಈ ಕಾಂಡದ ವಯಸ್ಸು ಸುಮಾರು ಎರಡು ಕೋಟಿ ವರ್ಷ, ಬಂಡೆಯ ಮೇಲಿನ ಲೆಕ್ಕದಲ್ಲಿ ಎರಡೇ ಪಾದ. ಮರಳಿನಡಿ ಹೂತುಹೋದ ಮರಕ್ಕೆ ಗಾಳಿ ಸೋಕದಿದ್ದರೆ ಕೊಳೆಯುವುದು ನಿಧಾನ. ಅಷ್ಟರಲ್ಲಿ ನೀರಿನಲ್ಲಿ ಕರಗಿದ ಸಿಲಿಕಾ ಮರದ ಕಣಕಣಕ್ಕೂ ಇಳಿದು ಅದರ ಜಾಗ ಹಿಡಿಯುತ್ತದೆ. ನೋಡಲು ಸೌದೆ, ಮುಟ್ಟಿದರೆ ತಣ್ಣನೆಯ ಕಲ್ಲು.

ತೋಟದ ಗಾಜಿನ ಮನೆಯ ಶಂಕುಸ್ಥಾಪನೆ ನಡೆದದ್ದು 1889ರಲ್ಲಿ, ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೈಯಿಂದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಬೀಡುಕಬ್ಬಿಣದ ಕಂಬ, ಕಮಾನುಗಳ ಮೇಲೆ ಗಾಜು ಕೂರಿಸಿದ ಈ ಕಟ್ಟಡದಲ್ಲಿ ಒಂದು ಕೊನೆಯಲ್ಲಿ ನಿಂತರೆ ಇನ್ನೊಂದು ಕೊನೆಯವರೆಗೂ ಬೆಳಕು. ಆಗ ತೋಟದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮರಾನ್. ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ಪರಿಚಯಿಸಿದವನೂ ಅವನೇ. ಸಾಗುವಿನಿಂದ ಅದನ್ನು ಹೆಕ್ಕಿ ತಟ್ಟೆಯಂಚಿಗೆ ತಳ್ಳುವ ಮಕ್ಕಳಿಗೆ ಬೈಯಲು ಒಬ್ಬ ಸಿಕ್ಕಂತಾಯಿತು. 1908ರಲ್ಲಿ ತೋಟ ನೋಡಿಕೊಳ್ಳಲು ಬಂದ ಜರ್ಮನಿಯ ಕ್ರುಂಬಿಗಲ್ ಲಾಲ್‌ಬಾಗಿನ ಆಚೆಗೂ ಕೈಚಾಚಿದ. ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಬಗೆಯ ಮರ ಹೂ ಬಿಡುವಂತೆ ಊರಿನ ರಸ್ತೆಗಳಿಗೆ ಸಾಲುಮರ ಆರಿಸಿದವನು ಅವನು.

ಹೂವಿನ ಗಡಿಯಾರದ ಬಳಿ ಫೋಟೊ ತೆಗೆಸಿಕೊಳ್ಳದೆ ಮಕ್ಕಳು ಕದಲುವುದಿಲ್ಲ. ಅಲ್ಲಿ ಐದು ನಿಮಿಷ ಸಾಕು. ತೋಟದ ಕೆರೆಯ ದಂಡೆಗೆ ಹೆಚ್ಚು ಹೊತ್ತು ಕೊಡಬೇಕು. ನೀರುಕಾಗೆ ಮುಳುಗಿ ಎಲ್ಲಿ ಏಳುತ್ತದೆಂದು ಪಂಥ ಕಟ್ಟಬಹುದು. ಅದು ಕಲ್ಲಿನ ಮೇಲೋ ಕೊಂಬೆಯ ಮೇಲೋ ಕೂತು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಬಾತುಗಳ ಗರಿಯಂತೆ ನೀರನ್ನು ಪೂರ್ತಿ ತಡೆಯುವ ಗರಿ ಅದಕ್ಕಿಲ್ಲ. ಮೈ ನೆನೆದರೆ ಮುಳುಗುವುದು ಸುಲಭ. ಹಕ್ಕಿಗಳಿಗೆ, ಮೀನುಗಳಿಗೆ ಬ್ರೆಡ್ಡು, ಮಂಡಕ್ಕಿ ಎಸೆಯುವುದರಿಂದ ನೀರು ಕೆಡುತ್ತದೆಯೇ ಹೊರತು ಅವುಗಳಿಗೆ ಲಾಭವಿಲ್ಲ.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸುಮಾರಿಗೆ ವರ್ಷಕ್ಕೆ ಎರಡು ಸಲ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹೂವಿನಿಂದ ಕಟ್ಟಿದ ದೊಡ್ಡ ದೊಡ್ಡ ಆಕೃತಿಗಳು ಮಕ್ಕಳಿಗೆ ಇಷ್ಟ, ಆದರೆ ರಜೆಯ ದಿನ ಎಳೆಯರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ವಾರದ ನಡುವಿನ ಬೆಳಿಗ್ಗೆ ಹೋದರೆ ನಿಂತು ನೋಡಲು ಜಾಗ ಸಿಗುತ್ತದೆ. ಪ್ಲಾಸ್ಟಿಕ್ ಚೀಲಗಳನ್ನು ಮನೆಯಲ್ಲೇ ಬಿಟ್ಟು, ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯಬೇಕು. ನೂಕುನುಗ್ಗಲಿನಲ್ಲಿ ಕೈ ತಪ್ಪಿದರೆ ಎಲ್ಲಿ ಸೇರಬೇಕೆಂದು ಒಳಗೆ ಹೋಗುವ ಮೊದಲೇ ಹೇಳಿಟ್ಟು, ಫೋನ್ ನಂಬರ್ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿಟ್ಟಿರಬೇಕು.