ಮುಖ ಬಲಿಯುವ ವರ್ಷಗಳು

2006ರಲ್ಲಿ ಇಟಲಿಯ ಬೊಲೋನ್ಯದ ಸ್ಮಶಾನದಿಂದ ಒಂದು ಅಸ್ಥಿಪಂಜರವನ್ನು ಹೊರತೆಗೆದರು. 18ನೇ ಶತಮಾನದಲ್ಲಿ ಯುರೋಪಿನ ಅರಮನೆಗಳನ್ನು ಮರುಳುಮಾಡಿದ್ದ ಗಾಯಕ ಫಾರಿನೆಲ್ಲಿಯದು ಅದು. ಎಳೆಯ ದನಿ ಒಡೆಯದಿರಲೆಂದು, ಪ್ರಾಯಕ್ಕೆ ಬರುವ ಮೊದಲೇ ಆತನ ವೃಷಣಗಳ ಕೆಲಸ ನಿಲ್ಲಿಸಿದ್ದರು. ಸಾಯುವಾಗ ವಯಸ್ಸು 77. ಆದರೂ ಹರೆಯ ದಾಟುತ್ತಲೇ ಅಳಿಯಬೇಕಾದ ಬೆಳವಣಿಗೆಯ ಗೆರೆಗಳು ಕೆಲವು ಮೂಳೆಗಳಲ್ಲಿ ಹಾಗೆಯೇ ಇದ್ದವು. ಹಣೆಯ ಮೂಳೆ ಒಳಗಡೆ ದಪ್ಪಗಟ್ಟಿತ್ತು. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣವಿದು. ಮಗುವೊಂದಕ್ಕೆ ಹಾಗೆ ಮಾಡಿದ್ದು ಕ್ರೌರ್ಯ. ಲೈಂಗಿಕ ಹಾರ್ಮೋನುಗಳಿಲ್ಲದಿದ್ದರೆ ಎಲುಬಿಗೆ ಏನಾಗುತ್ತದೆ ಎಂಬುದಕ್ಕೆ ಆ ಕ್ರೌರ್ಯವೇ ಸಾಕ್ಷಿಯಾಗಿ ಉಳಿದಿದೆ.

ಎಂಟು ವರ್ಷದ ಮಗುವಿನ ತಲೆಬುರುಡೆ ಕೈಗಿತ್ತರೆ ಅದು ಹುಡುಗನದೋ ಹುಡುಗಿಯದೋ ಎಂದು ಪರಿಣತರೂ ಖಚಿತವಾಗಿ ಹೇಳಲಾರರು. ವ್ಯತ್ಯಾಸ ಎದ್ದು ಕಾಣುವುದು ಹರೆಯದಲ್ಲಿ. ಮುಖದ ಮೂಳೆಗಳು ಉದ್ದಕ್ಕೆ ಚಾಚುವುದಷ್ಟೇ ಅಲ್ಲ, ಒಂದು ಕಡೆ ಸವೆಯುತ್ತ ಇನ್ನೊಂದು ಕಡೆ ಕೂಡಿಕೊಳ್ಳುತ್ತ ರೂಪ ಬದಲಿಸುತ್ತವೆ. ಗದ್ದವನ್ನೇ ನೋಡಿ: ಕೆಳಹಲ್ಲುಗಳ ಬುಡದ ಮೂಳೆ ಸವೆದು ಹಿಂದೆ ಸರಿಯುತ್ತದೆ, ಅದರ ಕೆಳಗೆ ಹೊಸ ಮೂಳೆ ಸೇರುತ್ತದೆ, ಗದ್ದ ಮುಂದಕ್ಕೆ ಬಂದಂತೆ ಕಾಣುತ್ತದೆ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಜಾರುವ ಗುಬುಟೇ ಕೆಳದವಡೆಯ ತುದಿ. ಅದಕ್ಕೆ ಮೃದ್ವಸ್ಥಿಯ ಹೊದಿಕೆಯಿದೆ; ಅಲ್ಲಿ ಬೆಳೆದಷ್ಟೂ ದವಡೆ ಕೆಳಕ್ಕೂ ಮುಂದಕ್ಕೂ ಸರಿಯುತ್ತದೆ. ಪ್ರಾಯಕ್ಕೆ ಬರುವುದು ತಡವಾದ ಹುಡುಗರಿಗೆ ವೈದ್ಯರು ಅಲ್ಪ ಪ್ರಮಾಣದ ಟೆಸ್ಟೋಸ್ಟೆರಾನ್ ಕೊಟ್ಟು ಅಳೆದಾಗ, ಕೆಳದವಡೆ ಉದ್ದಕ್ಕೆ ಬೆಳೆಯುವ ವೇಗ ಹೆಚ್ಚಿತ್ತು.

ಹಾಗೆಂದು ಎಲ್ಲವೂ ಟೆಸ್ಟೋಸ್ಟೆರಾನಿನ ಕೈವಾಡವಲ್ಲ. ಗಂಡಸರ ದೇಹವೂ ಅದರಲ್ಲಿ ಸ್ವಲ್ಪ ಪಾಲನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಕೈಕಾಲಿನ ಮೂಳೆಗಳ ಬೆಳವಣಿಗೆಗೆ ಕೊನೆಗೆ ಬೀಗ ಹಾಕುವುದು ಈಸ್ಟ್ರೋಜನ್ನೇ. 1994ರಲ್ಲಿ ವರದಿಯಾದ 28 ವರ್ಷದ ಒಬ್ಬಾತನ ದೇಹಕ್ಕೆ ಆನುವಂಶಿಕ ದೋಷದಿಂದ ಈಸ್ಟ್ರೋಜನ್ನಿನ ಸಂಕೇತ ತಲುಪುತ್ತಿರಲಿಲ್ಲ. ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ಎತ್ತರ 204 ಸೆಂಟಿಮೀಟರ್ ಮುಟ್ಟಿತ್ತು, ಇನ್ನೂ ಬೆಳೆಯುತ್ತಲೇ ಇದ್ದ! ಹುಡುಗಿಯರಲ್ಲಿ ಈಸ್ಟ್ರೋಜನ್ ಬೇಗ ಏರುವುದರಿಂದ ಬೆಳವಣಿಗೆಯ ಜಿಗಿತ ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಬಂದು ಮೊದಲೇ ಮುಗಿಯುತ್ತದೆ. ಹುಡುಗರ ದವಡೆಗೆ ಹೆಚ್ಚು ಕಾಲ ಸಿಗುತ್ತದೆ.

ಕೆಳದವಡೆ ಹಿಂದೆ ಸರಿದ ಮಕ್ಕಳಿಗೆ ದಂತವೈದ್ಯರು ಕ್ಲಿಪ್ ಹಾಕುವ ಮುನ್ನ ಪಕ್ಕದಿಂದ ತೆಗೆದ ತಲೆಯ ಎಕ್ಸ್-ರೇಯಲ್ಲಿ ಕತ್ತಿನ ಮೂಳೆಗಳನ್ನೂ ನೋಡುವುದು ಬೆಳವಣಿಗೆಗೆ ಇನ್ನೆಷ್ಟು ಕಾಲವಿದೆ ಎಂಬ ಈ ಲೆಕ್ಕಕ್ಕಾಗಿಯೇ. ಎರಡನೆಯ, ಮೂರನೆಯ ಕಶೇರುಕಗಳ ಕೆಳಅಂಚು ಮೊದಲು ಸಪಾಟಾಗಿದ್ದು, ಹರೆಯ ಏರಿದಂತೆ ಒಳಕ್ಕೆ ಬಾಗುತ್ತದೆ. ಜಿಗಿತದ ಈ ಸಮಯ ಸಿಕ್ಕರೆ ಬೆಳೆಯುವ ದವಡೆಯನ್ನೇ ಮುಂದಕ್ಕೆ ನಡೆಸಬಹುದು. ತಪ್ಪಿದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಗತಿ. ಪೋಷಕರೇ, "ಹಲ್ಲೆಲ್ಲ ಬರಲಿ, ಆಮೇಲೆ ನೋಡೋಣ" ಎಂದು ದಯವಿಟ್ಟು ಮುಂದೂಡಬೇಡಿ.

ಇತ್ತೀಚೆಗೆ ಚೂಪು ದವಡೆಯ ಆಸೆಗೆ ಗಟ್ಟಿ ಗಮ್ ಜಗಿಯುವ ಹುಡುಗರನ್ನು ಕಂಡಾಗ ಮರುಕವಾಗುತ್ತದೆ. ಜಗಿದರೆ ಉಬ್ಬುವುದು ಕೆನ್ನೆಯ ಸ್ನಾಯು, ಗದ್ದವಲ್ಲ. ಜಿಮ್‌ನಲ್ಲಿ ಯಾರೋ ಕೊಟ್ಟ ಸ್ಟೆರಾಯ್ಡ್ ಇನ್ನೂ ಅಪಾಯಕಾರಿ. ಹದಿನೈದರ ಹುಡುಗನ ಮೈಯಲ್ಲಿ ಅದರ ಒಂದಂಶ ಈಸ್ಟ್ರೋಜನ್ ಆಗಿ ತಿರುಗಿ, ಕಾಲೆಲುಬಿನ ಬೆಳವಣಿಗೆಯ ಪಟ್ಟಿಗಳನ್ನು ಅವಧಿಗೆ ಮುಂಚೆಯೇ ಮುಚ್ಚಿಬಿಡಬಹುದು. ಹಾಗೆ ಕಳೆದುಕೊಂಡ ಎತ್ತರ ಮತ್ತೆ ಬರುವುದಿಲ್ಲ.