ತೋಟದ ಪಂಪ್‌ಗೆ ಪುಟ್ಟ ಕಂಪ್ಯೂಟರ್: ಪಿನ್‌ಗಳ ಕೆಲಸ ಏನು? ಎಚ್ಚರ ಎಲ್ಲಿ?

ಬೋವಿಕಾನ: ಬೇಸಗೆ ಬಂತೆಂದರೆ ಮುಳಿಯಾರು ಪಂಚಾಯತ್‌ನ ಅಡಿಕೆ ತೋಟಗಳಲ್ಲಿ ನೀರಿನದ್ದೇ ಚಿಂತೆ. ಟ್ಯಾಂಕ್ ತುಂಬಿತೋ ಇಲ್ಲವೋ ಎಂದು ನೋಡಲು ಮನೆಯವರೇ ಓಡಬೇಕು. ಪಂಪ್ ಬಂದ್ ಮಾಡಲು ಮರೆತರೆ ನೀರು ಹಾಳು. ಬಾವಿ ಬರಿದಾದ ಮೇಲೂ ಓಡಿದರೆ ಮೋಟರೇ ಸುಟ್ಟು ಹೋಗ್ತದೆ. "ಉಪ್ಪಾ, ಇದನ್ನು ಕಂಪ್ಯೂಟರ್‌ನಿಂದ ಮಾಡ್ಬಹುದಲ್ವಾ?" ಎಂದು ಮಕ್ಕಳು ಕೇಳುವ ಕಾಲ ಇದು.

ಕೇಳಲು ಕಾರಣವೂ ಉಂಟು. ಕೇರಳದ ಹೈಸ್ಕೂಲ್‌ಗಳಲ್ಲಿ 2018ರಲ್ಲಿ 'ಲಿಟಲ್ ಕೈಟ್ಸ್' ಐಟಿ ಕ್ಲಬ್‌ಗಳು ಶುರುವಾದವು. 2025ರ ಜೂನ್‌ನಿಂದ 10ನೇ ತರಗತಿಯ ಐಸಿಟಿ ಪಾಠದಲ್ಲಿ ರೋಬೋಟಿಕ್ಸ್ ಕಡ್ಡಾಯ. ಪುಸ್ತಕ ಕನ್ನಡದಲ್ಲೂ ಉಂಟು. ಶಾಲೆಯ ಕಿಟ್‌ನಲ್ಲಿರುವುದು ಆರ್ಡುವಿನೋ ಬೋರ್ಡ್. ಅದರಲ್ಲಿ ಕೈ ಪಳಗಿದವರು ಮುಂದೆ ಕೈ ಹಾಕುವುದು ಸಾಮಾನ್ಯವಾಗಿ ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಕಂಪ್ಯೂಟರ್‌ಗೆ.

ಪಿನ್ ಅಂದರೆ ಏನು?

2012ರಲ್ಲಿ ಮಾರುಕಟ್ಟೆಗೆ ಬಂದ ಪೈ ಬೋರ್ಡಿನ ಒಂದು ಬದಿಯಲ್ಲಿ ಪಿನ್‌ಗಳ ಎರಡು ಸಾಲು ಇದೆ. ಮೊದಲು 26 ಪಿನ್ ಇತ್ತು. 2014ರ ಬಿ ಪ್ಲಸ್ ಮಾದರಿಯಿಂದ 40 ಆಯಿತು. ಕೆಲವು ಪಿನ್ ಕರೆಂಟ್ ಕೊಡಲು, ಕೆಲವು ಗ್ರೌಂಡ್‌ಗೆ. ಉಳಿದವುಗಳಲ್ಲಿ ಹೆಚ್ಚಿನವು ಜಿಪಿಐಒ, ಅಂದರೆ ಪ್ರೋಗ್ರಾಂ ಹೇಳಿದಂತೆ ಕೇಳುವ ಪಿನ್‌ಗಳು.

ಇಂಥ ಪಿನ್‌ಗೆ ಗೊತ್ತಿರುವುದು ಎರಡೇ ಮಾತು: ಹೌದು ಅಥವಾ ಇಲ್ಲ. ಪೈಥಾನ್‌ನಲ್ಲಿ 'ಆನ್' ಎಂದು ಬರೆದರೆ ಪಿನ್‌ನಲ್ಲಿ 3.3 ವೋಲ್ಟ್ ಬರ್ತದೆ. 'ಆಫ್' ಎಂದರೆ ಸೊನ್ನೆ. ಅದೇ ಪಿನ್‌ಗೆ ಹೊರಗಿನಿಂದ ಬರುವ ಸೂಚನೆಯನ್ನು ಓದಲೂ ಹೇಳಬಹುದು. ನಂಬರ್ ವಿಷಯದಲ್ಲಿ ಗೊಂದಲ ಬೇಡ: ಪ್ರೋಗ್ರಾಂನಲ್ಲಿ ಜಿಪಿಐಒ 17 ಎನ್ನುವುದು ಬೋರ್ಡಿನ ಎಣಿಕೆಯಲ್ಲಿ 11ನೇ ಪಿನ್.

ಪಿನ್ ಆಜ್ಞೆ ಕೊಡ್ತದೆ, ಶಕ್ತಿ ಕೊಡುವುದಿಲ್ಲ

ಮುಖ್ಯ ಮಾತು ಇದೇ. ಒಂದು ಪಿನ್‌ನಿಂದ ಹೆಚ್ಚೆಂದರೆ 16 ಮಿಲಿ ಆಂಪಿಯರ್ ಎಳೆಯಬಹುದು. 330 ಓಮ್ ರೆಸಿಸ್ಟರ್ ಹಾಕಿದ ಕೆಂಪು ಎಲ್‌ಇಡಿಗೆ 4 ಮಿಲಿ ಆಂಪಿಯರ್ ಸಾಕು, ತೊಂದರೆಯಿಲ್ಲ. ಆದರೆ 5 ವೋಲ್ಟ್‌ನ ಸಣ್ಣ ರಿಲೇಯ ಕಾಯಿಲ್‌ಗೇ ಸುಮಾರು 70 ಬೇಕು. ಹಾಗಾಗಿ ಪಿನ್ ಟ್ರಾನ್ಸಿಸ್ಟರ್‌ಗೆ ಹೇಳಬೇಕು, ಟ್ರಾನ್ಸಿಸ್ಟರ್ ರಿಲೇಯನ್ನು ಎಳೆಯಬೇಕು, ರಿಲೇ ಕಾಂಟ್ಯಾಕ್ಟರನ್ನು, ಕಾಂಟ್ಯಾಕ್ಟರ್ ಪಂಪನ್ನು. ರಿಲೇಗೆ ಅಡ್ಡಲಾಗಿ ಒಂದು ಡಯೋಡ್ ಇಲ್ಲದಿದ್ದರೆ, ಆಫ್ ಆಗುವಾಗ ಏಳುವ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಸುಡಬಹುದು. ಅಂಗಡಿಯಲ್ಲಿ ಸಿಗುವ ರಿಲೇ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರ್ತವೆ.

ಆರ್ಡುವಿನೋ ಅಭ್ಯಾಸ ಇಲ್ಲಿ ನಡೆಯದು

ಶಾಲೆಯಲ್ಲಿ ಸಾಮಾನ್ಯವಾಗಿ ಬಳಸುವ ಆರ್ಡುವಿನೋ ಊನೋ 5 ವೋಲ್ಟ್‌ನದು. ಪೈಯ ಪಿನ್ 5 ವೋಲ್ಟ್ ತಡೆಯುವುದಿಲ್ಲ. ಟ್ಯಾಂಕಿನ ನೀರು ಅಳೆಯಲು ಬಳಸುವ ಎಚ್‌ಸಿ-ಎಸ್‌ಆರ್04 ಸೆನ್ಸಾರ್ ಉತ್ತರ ಕೊಡುವುದು 5 ವೋಲ್ಟ್‌ನಲ್ಲಿ. ನೇರ ಜೋಡಿಸಿದರೆ ಸಾವಿರಾರು ರೂಪಾಯಿಯ ಬೋರ್ಡ್ ಒಂದೇ ಕ್ಷಣದಲ್ಲಿ ಹೋದೀತು. ನಡುವೆ 1 ಕಿಲೋ ಓಮ್, ಪಿನ್‌ನಿಂದ ಗ್ರೌಂಡ್‌ಗೆ 2 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಪಿನ್‌ಗೆ ತಲುಪುವುದು 3.3 ಮಾತ್ರ.

ವಯರ್ ತುಂಡಾದರೆ?

ಹೆಗ್ಗಣ ವಯರ್ ಕಡಿಯುವುದು ತೋಟದವರಿಗೆ ಹೊಸತಲ್ಲ. ಆದ್ದರಿಂದ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕುವಾಗ, ನೀರು ಬೇಕಿರುವಾಗ ಪಿನ್ ಗ್ರೌಂಡ್‌ಗೆ ಜೋಡಿಕೊಂಡಿರುವಂತೆ, ತುಂಬಿದಾಗ ಜೋಡಣೆ ಬಿಡುವಂತೆ ಮಾಡಬೇಕು. ಪಿನ್‌ನ ಒಳಗಿನ ಪುಲ್-ಅಪ್ ರೆಸಿಸ್ಟರನ್ನು ಪ್ರೋಗ್ರಾಂನಲ್ಲಿ ಆನ್ ಮಾಡಿದರೆ, ವಯರ್ ತುಂಡಾದಾಗಲೂ ಪೈ 'ಟ್ಯಾಂಕ್ ತುಂಬಿದೆ' ಎಂದೇ ತಿಳಿದು ಪಂಪ್ ನಿಲ್ಲಿಸ್ತದೆ. ಉಲ್ಟಾ ಜೋಡಿಸಿದರೆ ಬಾವಿ ಬರಿದಾಗುವ ತನಕ ಪಂಪ್ ಓಡ್ತಾ ಇರ್ತದೆ.

ಪ್ರೋಗ್ರಾಂ ಸಿಕ್ಕಿಕೊಂಡರೂ ಇದೇ ಅಪಾಯ: ಆನ್ ಇದ್ದ ಪಿನ್ ಆನ್ ಆಗಿಯೇ ಉಳಿಯಬಹುದು. ಹಾಗಾಗಿ ಪಂಪ್‌ನ ಸ್ಟಾರ್ಟರ್‌ಗೆ ಬೇರೆಯೇ ಟೈಮರ್ ಇರಲಿ. ಕೈಯಿಂದ ಬಂದ್ ಮಾಡುವ ಸ್ವಿಚ್ಚನ್ನು ಯಾವತ್ತೂ ತೆಗೆಯಬಾರದು.

ಕೊನೆಯದಾಗಿ, ಪಿನ್‌ನ 3.3 ವೋಲ್ಟ್ ಮಕ್ಕಳ ಆಟಕ್ಕೆ ಸರಿ. ರಿಲೇಯ ಆಚೆ ಇರುವ 230 ವೋಲ್ಟ್ ಆಟವಲ್ಲ, ಜೀವಕ್ಕೇ ಕುತ್ತು. ಮೊದಲು ಎಲ್‌ಇಡಿ ಉರಿಸಲಿ, ಆಮೇಲೆ ರಿಲೇ 'ಟಕ್' ಅನ್ನಲಿ. ಪಂಪ್‌ನ ವಯರ್ ಮುಟ್ಟುವ ಕೆಲಸವನ್ನು ಲೈಸೆನ್ಸ್ ಇರುವ ವಯರ್‌ಮ್ಯಾನ್‌ಗೇ ಬಿಡಬೇಕು.