ಸೊಸೆ ತಂದ ಸ್ವರ, ಹೆಣ್ಣುಮಕ್ಕಳು ಉಳಿಸಿದ ಹೆಸರು

ರಾಜ್ಯದ ಗಡಿಗೆರೆಯೆಂಬುದು ನಕಾಶೆಯಲ್ಲಿ ಕಾಣುವಷ್ಟು ಸರಳವಾದುದಲ್ಲವೆಂಬುದನ್ನು ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಅಮೆರಿಕದ ಬ್ರಿಸ್ಟಲ್ ಎಂಬ ಊರಿನಲ್ಲಿ ಈ ಗೆರೆಯು ಪೇಟೆಬೀದಿಯ ನಟ್ಟನಡುವೆಯೇ ಹಾದುಹೋಗಿದೆ. ಬೀದಿಯ ಬಡಗಣ ಸಾಲಿನ ಅಂಗಡಿಗಳು ವರ್ಜೀನಿಯಾ ರಾಜ್ಯಕ್ಕೆ ಸೇರಿದರೆ ತೆಂಕಣ ಸಾಲಿನವು ಟೆನೆಸ್ಸಿ ರಾಜ್ಯಕ್ಕೆ ಸೇರಿವೆ. ಉಪ್ಪು ಸಕ್ಕರೆಗೆಂದು ಹೊರಟವರೂ ಅಲ್ಲಿ ಗಡಿ ದಾಟುತ್ತಾರೆ. ಅವರ ಮಾತು, ಅವರ ಹಾಡು ಮಾತ್ರ ಎರಡು ಬದಿಗಳಲ್ಲಿಯೂ ಒಂದೇ.

1927ರ ಬೇಸಗೆಯಲ್ಲಿ ವಿಕ್ಟರ್ ಗ್ರಾಮಫೋನು ಕಂಪೆನಿಯ ರಾಲ್ಫ್ ಪಿಯರ್ ಎಂಬಾತ ಈ ಬೀದಿಗೆ ಬಂದನು. ಟೋಪಿ ವ್ಯಾಪಾರದವರು ಬಿಟ್ಟುಹೋಗಿದ್ದ ಒಂದು ಕಟ್ಟಡದಲ್ಲಿ ಯಂತ್ರಗಳನ್ನು ಹೂಡಿ, ಸುತ್ತಲಿನ ಗುಡ್ಡಗಾಡಿನ ಹಾಡುಗಾರರನ್ನು ಕರೆದನು. ಆಗಸ್ಟ್ 1ರಂದು ಆತನೆದುರು ಹಾಡಲು ಬಂದವರು ಮೂವರು: ಎ. ಪಿ. ಕಾರ್ಟರ್, ಆತನ ಹೆಂಡತಿ ಸೇರಾ, ಆತನ ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ ಆಗ 18 ವರ್ಷ, ತುಂಬು ಗರ್ಭಿಣಿ. ಎರಡು ದಿನಗಳಲ್ಲಿ ಅವರು ಆರು ಹಾಡುಗಳನ್ನು ಹಾಡಿದರು. ಹಾಡೊಂದಕ್ಕೆ 50 ಡಾಲರು ದೊರೆಯಿತು. ಮುಂದಿನ ತಿಂಗಳು ಹುಟ್ಟಿದ ಕೂಸು ಹೆಲೆನ್. 1929ರಲ್ಲಿ ಜೂನ್, 1933ರಲ್ಲಿ ಅನಿತಾ ಹುಟ್ಟಿದರು. ಈ ತಾಯಿ ಮತ್ತು ಮೂವರು ಹೆಣ್ಣುಮಕ್ಕಳ ಕಥೆಯನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

ಬೆರಳಿನ ವಿದ್ಯೆ

ಕಂಟ್ರಿ ಸಂಗೀತವೆಂದರೆ ಅಮೆರಿಕದ ದಕ್ಷಿಣ ಭಾಗದ ಹಳ್ಳಿಗರ ಸಂಗೀತ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ವಲಸೆ ಬಂದವರು ತಂದ ಕಥನಗೀತೆಗಳು, ಇಗರ್ಜಿಯ ಭಜನೆಗಳು, ಕರಿಯ ಜನರ ನೋವಿನ ಪದಗಳು - ಇವೆಲ್ಲ ಕೂಡಿ ಬೆಳೆದ ಹೊಳೆಯದು. ಎ. ಪಿ. ಕಾರ್ಟರ್ ಗುಡ್ಡದಿಂದ ಗುಡ್ಡಕ್ಕೆ ಅಲೆದು ಮನೆಮನೆಗಳ ಹಾಡುಗಳನ್ನು ಬರೆದು ತರುತ್ತಿದ್ದನು. ಆತನ ಜೊತೆಗೆ ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರುವಾದಕನೂ ಹೋಗುತ್ತಿದ್ದನು. ಮಾತುಗಳನ್ನು ಕಾರ್ಟರ್ ಬರೆದುಕೊಂಡರೆ ಮಟ್ಟುಗಳನ್ನು ರಿಡಲ್ ನೆನಪಿನಲ್ಲಿಟ್ಟು ತರುತ್ತಿದ್ದನು. ಮೇಬೆಲ್ ಆತನಿಂದಲೂ ಕೆಲವು ಕೈಚಳಕಗಳನ್ನು ಕಲಿತಳು.

ಮೇಬೆಲ್ ಹುಟ್ಟಿದ್ದು 1909ರಲ್ಲಿ, ವರ್ಜೀನಿಯಾದ ನಿಕಲ್ಸ್‌ವಿಲ್ ಎಂಬ ಹಳ್ಳಿಯ ಬಳಿ, ಎಡಿಂಗ್ಟನ್ ಮನೆತನದಲ್ಲಿ. 1926ರಲ್ಲಿ ಎಜ್ರಾ ಕಾರ್ಟರನನ್ನು ಮದುವೆಯಾಗಿ ಈ ಮನೆ ಸೇರಿದಳು. ಸೇರಾ ಅವಳಿಗೆ ಬಂಧುತ್ವದಲ್ಲಿ ಅಕ್ಕ. ಮದುವೆಯಿಂದ ವಾರಗಿತ್ತಿಯೂ ಆದಳು. ಸೇರಾಳದು ಗಂಭೀರವಾದ ಕಂಠ. ಮೇಬೆಲ್‌ಳ ಬಲವೆಲ್ಲ ಬೆರಳಿನಲ್ಲಿ. ಅಂದಿನ ಹಳ್ಳಿಹಾಡಿನಲ್ಲಿ ಗಿಟಾರೆಂದರೆ ಹೆಚ್ಚಾಗಿ ಹಿಮ್ಮೇಳದ ವಾದ್ಯ, ತಾಳಕ್ಕೆ ಆಸರೆ. ಮೇಬೆಲ್ ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಹಾಡಿನ ಮಟ್ಟನ್ನೇ ಮೀಟುತ್ತ, ಅದೇ ಹೊತ್ತಿಗೆ ತೋರುಬೆರಳಿನಿಂದ ತೆಳು ತಂತಿಗಳನ್ನು ಸವರಿ ತಾಳವನ್ನೂ ನಡೆಸಿದಳು. ಒಂದೇ ವಾದ್ಯದಲ್ಲಿ ಮುಮ್ಮೇಳವೂ ಹಿಮ್ಮೇಳವೂ ಕೇಳಿಬಂದವು. ಈ ವರಸೆಗೆ ಕಾರ್ಟರ್ ಸ್ಕ್ರ್ಯಾಚ್ ಎಂಬ ಹೆಸರು ನಿಂತಿತು. ಲೆಕ್ಕವಿಲ್ಲದಷ್ಟು ಗಿಟಾರುವಾದಕರು ಇದರಿಂದಲೇ ಪಾಠ ಆರಂಭಿಸಿದರು. 275 ಡಾಲರು ತೆತ್ತು ಕೊಂಡ ಅವಳ ಗಿಬ್ಸನ್ ಗಿಟಾರು ಇಂದು ನ್ಯಾಶ್‌ವಿಲ್ ನಗರದ ಕಂಟ್ರಿ ಸಂಗೀತ ಸಂಗ್ರಹಾಲಯದಲ್ಲಿದೆ.

ಆದರೆ ಗ್ರಾಮಫೋನು ತಟ್ಟೆಗಳ ಮೇಲೆ ಕರ್ತೃವೆಂದು ಅಚ್ಚಾದ ಹೆಸರು ಸಾಮಾನ್ಯವಾಗಿ ಎ. ಪಿ. ಕಾರ್ಟರನದೇ. ಹೆಂಗಸರಿಬ್ಬರ ಕಂಠ ಮತ್ತು ಕೈಗಳ ಮೇಲೆ ಗಂಡಸೊಬ್ಬನ ಹೆಸರು ನಿಂತಿತ್ತು. ಅಂದಿನ ಕಾಲಧರ್ಮ ಅದು.

ಗಡಿಯಾಚೆಯ ಬಾನುಲಿ

1938ರಲ್ಲಿ ಈ ಮನೆಯವರಿಗೆ ವಿಚಿತ್ರವಾದೊಂದು ಕರೆ ಬಂತು. ಜಾನ್ ಬ್ರಿಂಕ್ಲಿ ಎಂಬಾತ ಆಡಿನ ಗ್ರಂಥಿಗಳನ್ನು ಗಂಡಸರಿಗೆ ಕಸಿ ಮಾಡಿ ಯೌವನ ಮರಳಿಸುವೆನೆಂದು ಹಣ ಮಾಡಿದ್ದ ನಕಲಿ ವೈದ್ಯ. ಕ್ಯಾನ್ಸಸ್ ರಾಜ್ಯದಲ್ಲಿ ಆತನ ವೈದ್ಯವೃತ್ತಿಯ ಪರವಾನಗಿಯೂ ಬಾನುಲಿಯ ಪರವಾನಗಿಯೂ ಹೋಗಿದ್ದವು. ಆತ ಟೆಕ್ಸಸ್ಸಿನ ಡೆಲ್ ರಿಯೊ ಊರಿಗೆ ಬಂದು, ನದಿಯಾಚೆ ಮೆಕ್ಸಿಕೊದ ನೆಲದಲ್ಲಿ ಬಾನುಲಿ ಕೇಂದ್ರ ನಿಲ್ಲಿಸಿದನು. ಅಮೆರಿಕದ ಕೇಂದ್ರಗಳಿಗೆ ಅಂದು ಇದ್ದ ಮಿತಿ 50,000 ವಾಟು; ಎಕ್ಸ್.ಇ.ಆರ್.ಎ. ಎಂಬ ಈ ಕೇಂದ್ರದ ಶಕ್ತಿ 5,00,000 ವಾಟು. ಅಮೆರಿಕದ ಕಾನೂನು ನದಿಯ ದಡದಲ್ಲಿಯೇ ನಿಂತಿತು. ದನಿ ಮಾತ್ರ ಗಡಿ ದಾಟಿ ದೇಶದ ಉದ್ದಗಲಕ್ಕೂ ಹಬ್ಬಿತು.

ಔಷಧದ ಜಾಹೀರಾತುಗಳ ನಡುವೆ ಜನರನ್ನು ಹಿಡಿದು ಕೂರಿಸಲು ಒಳ್ಳೆಯ ಹಾಡು ಬೇಕಾಗಿತ್ತು. ಕಾರ್ಟರ್ ಮನೆಯವರು ಅದಕ್ಕಾಗಿ ಬಂದರು. 1939ರ ಹೊತ್ತಿಗೆ ಮೇಬೆಲ್‌ಳ ಮಕ್ಕಳೂ ದನಿಗೂಡಿಸತೊಡಗಿದ್ದರು. ನಕಲಿ ವೈದ್ಯನ ಕೇಂದ್ರ 1941ರಲ್ಲಿ ಮುಚ್ಚಿತು. ಆದರೆ ಹಳ್ಳಿಯ ಒಂದು ಮನೆಯ ಹಾಡು ಅಷ್ಟರಲ್ಲಿ ಇಡೀ ದೇಶದ ಕಿವಿಗೆ ಬಿದ್ದಾಗಿತ್ತು.

ಮನೆಯೊಳಗೆ ಮಾತ್ರ ಬಿರುಕು ಬಿಟ್ಟಿತ್ತು. ಸೇರಾ ಗಂಡನನ್ನು ತೊರೆದಿದ್ದಳು, 1939ರಲ್ಲಿ ಮರುಮದುವೆಯಾದಳು. ಹಾಡಿನ ಮಟ್ಟಿಗೆ ಮೂವರೂ ಕೆಲವು ವರ್ಷ ಒಟ್ಟಿಗಿದ್ದರು. 1943ರಲ್ಲಿ ಆ ಮೇಳ ಮುರಿಯಿತು. ಸೇರಾ ಕ್ಯಾಲಿಫೋರ್ನಿಯಾದ ಗಂಡನ ಮನೆಗೆ ಹೋದಳು, ಎ. ಪಿ. ತನ್ನ ಕಣಿವೆಗೆ ಮರಳಿದನು. ಕಾರ್ಟರ್ ಮನೆತನದ ಹಾಡು ಇಲ್ಲಿಗೆ ಮುಗಿಯಿತೆಂದು ಯಾರಾದರೂ ಎಣಿಸಿದ್ದರೆ ಅದು ತಪ್ಪೆನ್ನುವಂತಿರಲಿಲ್ಲ.

ತಾಯಿ ಮಕ್ಕಳ ಮೇಳ

ಅದೇ ವರ್ಷ ಮೇಬೆಲ್ ತನ್ನ ಮೂವರು ಮಕ್ಕಳನ್ನು ಕಟ್ಟಿಕೊಂಡು ಹೊಸ ಮೇಳ ನಿಲ್ಲಿಸಿದಳು. 1943ರಲ್ಲಿ ಹೆಲೆನ್‌ಗೆ 16 ತುಂಬಿತು, ಜೂನ್‌ಗೆ 14, ಅನಿತಾಳಿಗೆ 10. 'ಮದರ್ ಮೇಬೆಲ್ ಮತ್ತು ಕಾರ್ಟರ್ ಸೋದರಿಯರು' ಎಂಬುದು ಮೇಳದ ಹೆಸರು. ರೈಲ್ವೆ ಅಂಚೆಯ ನೌಕರನಾಗಿದ್ದ ಎಜ್ರಾ ವ್ಯವಹಾರ ನೋಡಿಕೊಂಡನು. ರಂಗದ ಮೇಲೆ ನಿಂತವರು ನಾಲ್ವರು ಹೆಂಗಸರು.

ಮನೆಗೆಲಸ ಹಂಚುವಂತೆ ತಾಯಿ ಸಂಗೀತವನ್ನೂ ಹಂಚಿದಳು. ಹೆಲೆನ್‌ಗೆ ಅಕಾರ್ಡಿಯನ್, ತಾಯಿಯ ಗಿಟಾರು ವರಸೆಯೂ ಆಕೆಗೆ ಒಲಿಯಿತು. ಮೂವರಲ್ಲಿ ಅತ್ಯಂತ ಇಂಪಾದ ಕಂಠವೆಂದು ಹೆಸರಾದ ಅನಿತಾ, ತನಗಿಂತ ಎತ್ತರವಾದ ಬಾಸ್ ವಾದ್ಯವನ್ನು ತಬ್ಬಿ ನುಡಿಸಿದಳು. ತನ್ನ ಕೊರಳು ಅಕ್ಕತಂಗಿಯರ ಕೊರಳಿನಂತಲ್ಲವೆಂದು ಜೂನ್ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಕೊರತೆಯನ್ನು ಹಾಸ್ಯದಿಂದ ತುಂಬಿ, ಜನ ಆಕೆಯ ಸರದಿಗಾಗಿಯೇ ಕಾಯುವಂತೆ ಮಾಡಿದಳು.

ಅಂದಿನ ಬಾನುಲಿ ಗಾಯಕರ ಬದುಕು ಸುಖದ್ದಾಗಿರಲಿಲ್ಲ. ಬಾನುಲಿಯ ಸಂಭಾವನೆ ಅಲ್ಪ. ಕೇಂದ್ರದಲ್ಲಿ ಹಾಡುವುದು, ಊರೂರ ಕಾರ್ಯಕ್ರಮಗಳನ್ನು ಸಾರುವುದು, ಬಳಿಕ ಕಾರಿನಲ್ಲಿ ವಾದ್ಯಗಳನ್ನು ತುಂಬಿಕೊಂಡು ಶಾಲೆಯ ಕೊಠಡಿಯಲ್ಲಿಯೋ ಸಿನಿಮಾ ಮಂದಿರದಲ್ಲಿಯೋ ಹಾಡುವುದು. ರಾತ್ರಿಯೆಲ್ಲ ಪಯಣಿಸಿ ಮತ್ತೆ ಬಾನುಲಿಯೆದುರು ನಿಲ್ಲುವುದು. ಟಿಕೇಟಿನ ಹಣವೇ ಸಂಸಾರಕ್ಕೆ ಆಧಾರ. ಒಂದು ಸೀಮೆಯ ಜನ ಕೇಳಿ ತಣಿದರೆಂದರೆ ಮುಂದಿನ ಸೀಮೆಗೆ ಗುಳೆ. ರಿಚ್ಮಂಡಿನಿಂದ 1948ರಲ್ಲಿ ನಾಕ್ಸ್‌ವಿಲ್, 1949ರಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್, 1950ರಲ್ಲಿ ನ್ಯಾಶ್‌ವಿಲ್. ನಾಕ್ಸ್‌ವಿಲ್‌ನಲ್ಲಿ ಚೆಟ್ ಆಟ್ಕಿನ್ಸ್ ಎಂಬ ಯುವಕ ಇವರ ಜೊತೆ ನುಡಿಸಲು ಸೇರಿದನು. ಮುಂದೆ ಆತ ಅಮೆರಿಕದ ಮಹಾನ್ ಗಿಟಾರುವಾದಕರಲ್ಲೊಬ್ಬನಾದನು. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ 1925ರಿಂದ ನಡೆದುಬಂದಿದ್ದ ಬಾನುಲಿ ಸಂಗೀತಸಭೆ. ಕಂಟ್ರಿ ಗಾಯಕರಿಗೆ ಅದು ಕಾಶಿಯಿದ್ದಂತೆ. ಅಲ್ಲಿ ಸ್ಥಾನ ದೊರೆತಾಗ ತಾಯಿ ಮಕ್ಕಳ ಅಲೆದಾಟಕ್ಕೊಂದು ನೆಲೆ ಸಿಕ್ಕಿತು.

ರಾತ್ರಿಪಾಳಿಯ ದಾದಿ

ನೆಲೆ ಸಿಕ್ಕಿತಾದರೂ ಗಳಿಗೆ ನಿಲ್ಲಲಿಲ್ಲ. 1955ರ ಸುಮಾರಿಗೆ ರಾಕ್ ಅಂಡ್ ರೋಲ್ ಎಂಬ ಹೊಸ ಅಬ್ಬರ ಎದ್ದಿತು. ಅದರ ನಾಯಕನಾದ ಎಲ್ವಿಸ್ ಪ್ರೀಸ್ಲಿಯ ಆರಂಭದ ಪ್ರವಾಸಗಳಲ್ಲಿ ಈ ತಾಯಿ ಮಕ್ಕಳೂ ಹಾಡಿದ್ದರು. ಆದರೆ ಎಳೆಯರ ಕಿವಿ ಹೊಸ ದನಿಯ ಕಡೆ ತಿರುಗಿತ್ತು, ಹಳೆಯ ಹಾಡಿಗೆ ಕರೆಗಳು ಕಡಿಮೆಯಾದವು. ಹೆಣ್ಣುಮಕ್ಕಳು ಮದುವೆಯಾಗಿ ತಮ್ಮ ತಮ್ಮ ಸಂಸಾರ ಹೂಡಿದ್ದರು. ಜೂನ್ ನಟನೆ ಕಲಿಯಲೆಂದು ನ್ಯೂಯಾರ್ಕಿಗೆ ಹೋದಳು.

ಆಗ ಮೇಬೆಲ್ ಏನು ಮಾಡಿದಳು? ರೋಗಿಗಳ ಆರೈಕೆ ಮಾಡುವ ದಾದಿಯಾಗಿ ರಾತ್ರಿಪಾಳಿಯ ಕೆಲಸಕ್ಕೆ ಸೇರಿದಳು. ದೇಶವೆಲ್ಲ ಕೇಳಿದ್ದ ಗಿಟಾರಿನ ಒಡತಿ ಇರುಳು ರೋಗಿಗಳ ಮಂಚದ ಬಳಿ ಕುಳಿತಳು. ಹಾಡುವ ಅವಕಾಶ ಬಂದಾಗ ಹಾಡಿದಳು. ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಘಟ್ಟವೇ. ಕೀರ್ತಿ ಬಂದಾಗ ಹಾಡುವುದು ಸುಲಭ. ಅದು ಹಿಂಜರಿದಾಗ ದುಡಿಯುವ ಕೈಗೂ ಹಾಡುವ ಕೈಗೂ ಭೇದವೆಣಿಸದೆ ಮನೆ ನಡೆಸುವುದು ಕಷ್ಟ.

ಮರಳಿ ಬಂದ ಹೆಸರು

1960ರ ನವೆಂಬರಿನಲ್ಲಿ ಎ. ಪಿ. ಕಾರ್ಟರ್ ತೀರಿಕೊಂಡನು. ಆ ಬಳಿಕ ಮೇಬೆಲ್ ಮತ್ತು ಮಕ್ಕಳು 'ಕಾರ್ಟರ್ ಫ್ಯಾಮಿಲಿ' ಎಂಬ ಮನೆತನದ ಮೊದಲ ಹೆಸರನ್ನೇ ತಮ್ಮ ಮೇಳಕ್ಕೆ ಇಟ್ಟುಕೊಂಡರು. ಭಾವನು ಬಿಟ್ಟುಹೋದ ಹೆಸರು ತಮ್ಮನ ಹೆಂಡತಿಗೂ ಆಕೆಯ ಹೆಣ್ಣುಮಕ್ಕಳಿಗೂ ಬಂದಿತು. ಆ ಹೊತ್ತಿಗೆ ಕಾಲೇಜು ಹುಡುಗ ಹುಡುಗಿಯರಲ್ಲಿ ಜಾನಪದ ಸಂಗೀತದ ಒಲವು ಚಿಗುರಿತ್ತು. 1963ರ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಮೇಬೆಲ್‌ಳ ಮುಂದೆ ಕುಳಿತವರು ಆಕೆಯ ಮೊದಲ ಹಾಡುಗಳು ಮುದ್ರಣವಾದಾಗ ಹುಟ್ಟಿಯೇ ಇರದಿದ್ದ ಎಳೆಯರು. 1967ರಲ್ಲಿ ಸೇರಾ ಕೂಡ ಅದೇ ಉತ್ಸವಕ್ಕೆ ಬಂದು ವಾರಗಿತ್ತಿಯ ಜೊತೆ ಹಾಡಿದಳು.

ಅಷ್ಟರಲ್ಲಿ ಈ ಮೇಳವು ಪ್ರಸಿದ್ಧ ಗಾಯಕ ಜಾನಿ ಕ್ಯಾಶ್‌ನ ತಂಡದ ಭಾಗವಾಗಿತ್ತು. ಜೂನ್, ಮರ್ಲ್ ಕಿಲ್ಗೋರ್ ಎಂಬಾತನೊಡನೆ ಸೇರಿ ರಚಿಸಿದ 'ರಿಂಗ್ ಆಫ್ ಫೈರ್' ಹಾಡನ್ನು ಮೊದಲು ಧ್ವನಿಮುದ್ರಿಸಿದವಳು ತಂಗಿ ಅನಿತಾ. 1963ರಲ್ಲಿ ಕ್ಯಾಶ್ ಅದನ್ನು ಹಾಡಿದಾಗ ಅದು ಜಗತ್ಪ್ರಸಿದ್ಧವಾಯಿತು. 1968ರಲ್ಲಿ ಜೂನ್ ಆತನನ್ನು ಮದುವೆಯಾದಳು. 1969ರಿಂದ 1971ರವರೆಗೆ ನಡೆದ ಕ್ಯಾಶ್‌ನ ಟೆಲಿವಿಷನ್ ಕಾರ್ಯಕ್ರಮದಲ್ಲಿ ತಾಯಿಯೂ ಮಕ್ಕಳೂ ಹಾಡಿದರು.

1970ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಎ. ಪಿ., ಸೇರಾ, ಮೇಬೆಲ್ ಈ ಮೂವರ ಮೂಲ ಮೇಳವನ್ನು ಸೇರಿಸಲಾಯಿತು. ಮೇಬೆಲ್ 1978ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಮೂರು ತಿಂಗಳೂ ತುಂಬದೆ ಸೇರಾ ಕೂಡ ಹೋದಳು. ಹೆಲೆನ್ 1998ರಲ್ಲಿ, ಅನಿತಾ 1999ರಲ್ಲಿ, ಜೂನ್ 2003ರಲ್ಲಿ ಗತಿಸಿದರು. ಜೂನ್‌ಗೆ ಕೀರ್ತಿಮಂದಿರದ ಗೌರವ ಬಂದದ್ದು ಆಕೆ ಸತ್ತು 22 ವರ್ಷಗಳ ಬಳಿಕ, 2025ರಲ್ಲಿ.

ಹುಟ್ಟೂರಿನ ಕಣಿವೆಯಲ್ಲಿಯೂ ದೀಪ ಆರಲಿಲ್ಲ. ಎ. ಪಿ. ಮತ್ತು ಸೇರಾರ ಮಗಳು ಜ್ಯಾನೆಟ್, ತಂದೆಗೆ ಕೊಟ್ಟಿದ್ದ ಮಾತಿನಂತೆ 1974ರಲ್ಲಿ ಆತನ ಹಳೆಯ ಅಂಗಡಿಯಲ್ಲಿ ಶನಿವಾರದ ಸಂಗೀತಕೂಟ ಆರಂಭಿಸಿದಳು. 2006ರಲ್ಲಿ ಆಕೆ ತೀರಿಕೊಂಡ ಮೇಲೆಯೂ ಆ ಕೂಟ ನಡೆದುಬಂದಿದೆ. ಅಲ್ಲಿಯೂ ಮಾತು ಉಳಿಸಿಕೊಂಡವಳು ಮಗಳೇ.

ವಂಶ ಬೆಳಗಲು ಗಂಡುಮಗು ಬೇಕೆಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಕಾರ್ಟರ್ ಮನೆತನದ ಹೆಸರನ್ನು ಹೊತ್ತು ನಡೆದವರು ಹೊರಗಿನಿಂದ ಬಂದ ಸೊಸೆ ಮತ್ತು ಆಕೆಯ ಹೆಣ್ಣುಮಕ್ಕಳು. ಗಡಿಯಾಚೆ ನೆಲೆಸಿದ ನಮ್ಮ ಮನೆಗಳಲ್ಲಿಯೂ ತೊಟ್ಟಿಲ ಹಾಡು, ಬೀಸುವ ಪದ, ಮದುವೆಯ ಸೋಬಾನೆಗಳು ಉಳಿದಿದ್ದರೆ ಅವು ಸೊಸೆಯಂದಿರು ತವರಿನಿಂದ ತಂದು ಹೆಣ್ಣುಮಕ್ಕಳಿಗೆ ದಾಟಿಸಿದವೇ ಅಲ್ಲವೇ? ಅವುಗಳಿಗೆ ತಟ್ಟೆಯಿಲ್ಲ, ಕೀರ್ತಿಮಂದಿರವಿಲ್ಲ. ಮನೆಯಲ್ಲಿ ಅಜ್ಜಿಯಿದ್ದರೆ ಈ ಸಂಜೆ ಆಕೆಯ ಬಳಿ ಕುಳಿತು ಒಂದು ಹಾಡು ಕೇಳಿರಿ. ಜೊತೆಗೆ ಮೊಮ್ಮಗಳನ್ನೂ ಕೂರಿಸಿಕೊಳ್ಳಿರಿ.